ಏಳನೆಯ ಎಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮನೆಯ ಹಿರಿಯರ ಹೆಸರು ನನಗೆ ಬಾಯಿಗೆ ಬರುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷವಾಯಿತು. ಒಮ್ಮೆ ಕಳಸದಲ್ಲಿ ಭದ್ರೆಯ ದಂಡೆಯ ಮೇಲೆ ತರ್ಪಣ ಬಿಡಿಸುತ್ತಿದ್ದ ಭಟ್ಟರು "ಮೂರು ತಲೆಮಾರಿನ ಹೆಸರು ಹೇಳಿ" ಎಂದರು. ನಮ್ಮ ಮನೆಯವರು ಎರಡು ಹೇಳಿ ನನ್ನ ಮುಖ ನೋಡಿದರು. ನಾನು ಹೊಳೆಯ ಮುಖ ನೋಡಿದೆ. ಕೊನೆಗೆ ತಡೆಯಲಾರದೆ, "ಹೆಸರು ಗೊತ್ತಿಲ್ಲ ಭಟ್ರೆ, ಆದ್ರೆ ಅವ್ರು ಕಾಫಿಗೆ ಬೆಲ್ಲಾನೇ ಹಾಕ್ಕೊಂಡು ಕುಡೀತಿದ್ರು" ಎಂದುಬಿಟ್ಟೆ. ಭಟ್ಟರು ಒಳ್ಳೆಯವರು, ನಗಲಿಲ್ಲ. ಹೆಸರು ತಿಳಿಯದವರ ಪಾಲಿಗೂ ಬಿಡುವ ನೀರು ಒಂದಿದೆ ಎಂದು ಹೇಳಿ ಬಿಡಿಸಿದರು. ನನ್ನಂಥವಳೊಬ್ಬಳು ಹುಟ್ಟುತ್ತಾಳೆ ಎಂದು ಹಿಂದಿನವರು ಮೊದಲೇ ಯೋಚಿಸಿಟ್ಟಿದ್ದಾರಲ್ಲ, ಅದೂ ದೇವರ ಒಂದು ದಯೆಯೇ.

ನನ್ನ ತಪ್ಪೇನೂ ಪೂರ್ತಿ ನನ್ನದಲ್ಲ. ನಮ್ಮ ಮನೆಯಲ್ಲಿ ಸತ್ತವರನ್ನು ಹೆಸರಿನಿಂದ ನೆನೆಯುವುದೇ ಕಡಿಮೆ, ಊಟದಿಂದ ನೆನೆಯುವುದು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವಾಗ ಒಳಗೆ ಸಿಗುವ ನಾಲ್ಕೆಕರೆ ಕಾಫಿ ತೋಟ ನಮ್ಮದು. ಮಹಾಲಯ ಪಕ್ಷ ಬಂತೆಂದರೆ ಹಿರಿಯರಿಗೆ ಎಡೆ ಇಡಬೇಕು. ನಡುಮನೆಯಲ್ಲಿ ಕಲಶ ಇಟ್ಟು, ಹೊಸ ಬಟ್ಟೆ ಇಟ್ಟು, ಅದರ ಮುಂದೆ ಸಾಲಾಗಿ ಬಾಳೆ ಎಲೆ ಹಾಕುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಒಂದೊಂದು ಎಲೆಗೆ ಒಂದೊಂದು ರುಚಿ. ಕಡುಬು, ಕೋಳಿಸಾರು ಎಲ್ಲರಿಗೂ ಸಮ. ಅದರ ಮೇಲೆ ಅವರವರಿಗೆ ಇಷ್ಟವಾದದ್ದು ಬೇರೆ. ದೊಡ್ಡಜ್ಜನಿಗೆ ಆ ಬೆಲ್ಲದ ಕಾಫಿ. ಹಲ್ಲಿಲ್ಲದೆ ಹೋದ ದೊಡ್ಡಜ್ಜಿಗೆ ಕಡುಬನ್ನು ಹಾಲಿನಲ್ಲಿ ಕಿವುಚಿ ಇಡಬೇಕು. ಅಜ್ಜನಿಗೆ ಒಂದು ಕಟ್ಟು ಬೀಡಿ. ಒಂದು ವರ್ಷ ಬೆಂಕಿಪೆಟ್ಟಿಗೆ ಇಡಲು ಮರೆತು, "ಪಾಪ, ಅಲ್ಲಿ ಯಾರ ಹತ್ರ ಕಡ್ಡಿ ಕೇಳ್ತಾರೆ" ಎಂದು ನಾನು ವಾರವೆಲ್ಲ ಕೊರಗಿದ್ದೆ. ಅಜ್ಜಿಗೆ ಎಲೆಅಡಿಕೆ. ಹನ್ನೆರಡು ವರ್ಷದ ಹಿಂದೆ ಹೋದ ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇತ್ತು, ಆದ್ದರಿಂದ ಅವರ ಪಾಯಸಕ್ಕೆ ಇವತ್ತಿಗೂ ಸಿಹಿ ಇಲ್ಲ. ತೀರಿಕೊಂಡ ಮೇಲೂ ಪಥ್ಯ ಬಿಡಿಸದ ಸೊಸೆ ಎಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಾರೆ. ಆರನೆಯದು ಬೆರಳುದ್ದದ ಸಣ್ಣ ಎಲೆ. ಹೆಸರಿಡುವ ಮೊದಲೇ ಹೋದ ಕೂಸೊಂದಕ್ಕೆ, ಎರಡು ಹನಿ ಹಾಲು.

ಏಳನೆಯ ಎಲೆ ಗೌರತ್ತೆಯದು. ಗೌರತ್ತೆ ಎಂದರೆ ಮಾವನವರ ತಂಗಿ. ಚಿಕ್ಕ ವಯಸ್ಸಿನಲ್ಲೇ ಹೋದರು ಎಂದಷ್ಟೇ ನನಗೆ ಹೇಳಿದ್ದರು. ಅವರ ಎಲೆಗೆ ಕಳಲೆ ಪಲ್ಯ ತಪ್ಪುವಂತಿಲ್ಲ. ಮಳೆಗಾಲದಲ್ಲಿ ಎಳೆ ಬಿದಿರನ್ನು ಕೊಯ್ದು, ನೆನೆಸಿ, ಉಪ್ಪುನೀರಿನಲ್ಲಿ ಹಾಕಿಟ್ಟು, ಪಕ್ಷದವರೆಗೆ ಕಾಪಾಡಬೇಕು. ಮೂವತ್ತನಾಲ್ಕು ವರ್ಷ ಕಾಪಾಡಿದ್ದೇನೆ.

ಬಡಿಸಿ ಆದ ಮೇಲೆ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು. ಆಮೇಲೆ ಕೆಮ್ಮಿ, ಸದ್ದು ಮಾಡಿ ಒಳಗೆ ಹೋಗಬೇಕು. ದಿಢೀರನೆ ನುಗ್ಗಿದರೆ ಉಣ್ಣುವವರಿಗೆ ಮುಜುಗರವಲ್ಲವೇ? ಯಾವ ಎಲೆಯ ಪ್ರಸಾದ ಯಾರು ಉಣ್ಣಬೇಕು ಎನ್ನುವುದಕ್ಕೂ ಕ್ರಮ ಇದೆ. ದೊಡ್ಡಜ್ಜನ ಎಲೆ ಮನೆಯವರಿಗೆ. ಅಜ್ಜಿಯದು ನನಗೆ. ಗೌರತ್ತೆಯದು ಯಾವಾಗಲೂ ನಮ್ಮ ಅತ್ತೆಗೆ, ಎಂದರೆ ನನ್ನ ಗಂಡನ ತಾಯಿಗೆ. ಬೇರೆ ಯಾರೂ ಆ ಎಲೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಇದೆಲ್ಲ ನಮ್ಮ ಪದ್ಧತಿ. ಲೋಕದಲ್ಲಿ ನೆನಪಿಟ್ಟುಕೊಳ್ಳುವುದಕ್ಕೆ ನೂರು ದಾರಿ ಇವೆ ಎಂದು ನನಗೆ ಗೊತ್ತಾದದ್ದು ನಿಧಾನವಾಗಿ. ಮೂಡಿಗೆರೆಯಲ್ಲಿ ನನ್ನ ರವಿಕೆ ಹೊಲಿದುಕೊಡುವ ಲಿಲ್ಲಿ ಬಾಯಿ ಪ್ರತಿ ನವೆಂಬರಿನಲ್ಲಿ ಎರಡು ದಿನ ಮಿಷನ್ನಿಗೆ ಬಟ್ಟೆ ಮುಚ್ಚಿ, ತನ್ನವರ ಸಮಾಧಿ ತೊಳೆಯಲು ಹೋಗುತ್ತಾಳೆ. ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಹೋದ ದಿನ ಎಲ್ಲ ಕೆತ್ತಿಸಿದ್ದಾಳೆ. ಮೇಣದಬತ್ತಿ ಹಚ್ಚಿ, ಹೂವಿಟ್ಟು ಬರುತ್ತಾಳೆ. "ನಿಮ್ದು ತಿಂದು ಖಾಲಿ ಆಗ್ತದೆ ಅಕ್ಕ, ನಮ್ದು ಕಲ್ಲಲ್ಲಿ ಇರ್ತದೆ" ಎಂದು ಒಮ್ಮೆ ಚುಚ್ಚಿದಳು. "ನಿನ್ನ ಕಲ್ಲಿಗೆ ಪಾಚಿ ಕಟ್ತದಲ್ಲ ಮಾರಾಯ್ತಿ, ನಮ್ಮ ನಾಲಿಗೆಗೆ ಕಟ್ಟಲ್ಲ" ಎಂದೆ. ಇಬ್ಬರೂ ನಕ್ಕೆವು. ಆದರೂ ಅವಳ ಅಜ್ಜನ ಹೆಸರು ಅವಳಿಗೆ ಗೊತ್ತು, ನನ್ನ ಮಾವನ ಅಜ್ಜನ ಹೆಸರು ನನಗೆ ಗೊತ್ತಿಲ್ಲ ಎಂಬುದು ಮನೆಗೆ ಬರುವ ಜೀಪಿನಲ್ಲಿ ಸ್ವಲ್ಪ ಕುಟುಕಿತು.

ಕಾಫಿ ಕೊಯ್ಲಿಗೆ ಜಾರ್ಖಂಡಿನಿಂದ ಬರುವ ಫುಲ್ಮನಿಯ ಊರಲ್ಲಿ ಹೆಸರನ್ನೂ ಕೆತ್ತುವುದಿಲ್ಲವಂತೆ. ದೊಡ್ಡ ಚಪ್ಪಡಿ ಕಲ್ಲು. ಅದರ ಕೆಳಗೆ ಒಂದು ವಂಶದವರ ಮೂಳೆ. "ಅಕ್ಕ, ನಮ್ದು ಊರಲ್ಲಿ ಕಲ್ಲೇ ಕಾಗದ. ಕಲ್ಲು ಇದೆ ಅಂದ್ರೆ ಜಾಗ ನಮ್ದು" ಎಂದಳು ತನ್ನ ಮುರುಕು ಕನ್ನಡದಲ್ಲಿ. ನಮ್ಮ ಬೇಲಿಯ ಪಕ್ಕವೂ ಒಂದು ವೀರಗಲ್ಲು ಇದೆ. ಕತ್ತಿ ಹಿಡಿದ ಮನುಷ್ಯ, ಪಕ್ಕದಲ್ಲಿ ಒಂದು ದನ. ಯಾರ ದನ, ಯಾರ ಕತ್ತಿ, ಯಾರಿಗೂ ಗೊತ್ತಿಲ್ಲ. ದೀಪಾವಳಿಗೆ ನಾನೊಂದು ಹಣತೆ ಇಟ್ಟು ಬರುತ್ತೇನೆ. ಯಾರಿಗೋ ಸಲ್ಲುತ್ತದೆ.

ಚಿಕ್ಕಮಗಳೂರಿನ ಶಾಲೆಯಲ್ಲಿ ಪಾಠ ಹೇಳುವ ನನ್ನ ಮಗಳು ಸ್ಮಿತಾ ಇನ್ನೂ ಒಂದು ವಿಚಿತ್ರ ಹೇಳಿದಳು. ಸಮುದ್ರದಾಚೆ ಕೆಲವು ಜನ ಇದ್ದಾರಂತೆ, ಸತ್ತವರ ಹೆಸರನ್ನೇ ಎತ್ತುವುದಿಲ್ಲವಂತೆ. ಎತ್ತದೇ ಇರುವುದೇ ಗೌರವ. ಮನೆಯವರು ಕೂಡಲೇ, "ನಿಮ್ಮಮ್ಮ ಅಲ್ಲಿ ಹುಟ್ಟಬೇಕಿತ್ತು, ಬಹಳ ಗೌರವಸ್ಥೆ ಅನ್ನಿಸ್ಕೊಳ್ತಿದ್ಲು" ಎಂದರು. ನಾನೂ ನಕ್ಕೆ. ಹೆಸರು ಎತ್ತದೆಯೇ ನೆನಪಿಡುವ ಜನ ಸಮುದ್ರದಾಚೆ ಮಾತ್ರವಲ್ಲ, ನಮ್ಮ ನಡುಮನೆಯಲ್ಲೇ ಇದ್ದಾರೆ ಎಂದು ಆಗ ನನಗೆ ತಿಳಿದಿರಲಿಲ್ಲ.

ನಮ್ಮ ಅತ್ತೆಗೆ ಈಗ ಎಪ್ಪತ್ತೆಂಟು ದಾಟಿದೆ. ಮೂರು ವರ್ಷದಿಂದ ಮರೆವು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು, ಒಲೆಯ ಮೇಲೆ ಹಾಲು. ಆಮೇಲೆ ಮೊಮ್ಮಗಳ ಮದುವೆ, ಮಾವನವರ ಸಾವು ಕೂಡ ಮರೆತುಹೋಯಿತು. ಡಾಕ್ಟರು ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದರು. ನಾನು ಹೊರನಾಡಿನ ತಾಯಿಗೆ ಹರಕೆ ಹೊತ್ತೆ. ವಾಸಿಯಾಗಲಿ ಎಂದು ಕೇಳುವಷ್ಟು ಆಸೆಬುರುಕಿ ನಾನಲ್ಲ, ಅವರಿಗೆ ಭಯವಾಗದಿರಲಿ ಎಂದಷ್ಟೇ ಕೇಳಿದೆ.

ಹೋದ ವರ್ಷ ಆಷಾಢದಲ್ಲಿ ಹಿತ್ತಿಲ ಜಗಲಿಯಲ್ಲಿ ಇಬ್ಬರೂ ಕೂತು ಕಳಲೆ ಹೆಚ್ಚುತ್ತಿದ್ದೆವು. ಅವರ ಕೈಗೆ ಇನ್ನೂ ಎಲ್ಲ ನೆನಪಿತ್ತು, ಬಿಲ್ಲೆ ಬಿಲ್ಲೆ ಒಂದೇ ಅಳತೆ. ಇದ್ದಕ್ಕಿದ್ದಂತೆ ಕತ್ತಿ ಕೆಳಗಿಟ್ಟು, "ಈ ಸಲ ಆರೇ ಎಲೆ ಹಾಕು" ಎಂದರು.

"ಯಾಕತ್ತೆ?"

"ಗೌರಿ ಸತ್ತಿಲ್ಲ ಕಣೆ. ಬದುಕಿದಾಳೆ. ಬದುಕಿದ್ದೋರಿಗೆ ಎಡೆ ಇಡಬಾರ್ದು."

ನನ್ನ ಜಾಗದಲ್ಲಿ ನೀವಿದ್ದರೂ ಇದು ಮರೆವಿನ ಮಾತು ಎಂದುಕೊಳ್ಳುತ್ತಿದ್ದಿರಿ. ಮನೆಯವರೂ ಹಾಗೇ ಅಂದರು. ಆದರೆ ಮೂರು ವರ್ಷ ಹತ್ತಿರದಿಂದ ಕಂಡವಳು ನಾನು. ಅತ್ತೆಯ ಮರೆವಿಗೆ ಕಳೆಯುವುದು ಮಾತ್ರ ಗೊತ್ತು, ಸೇರಿಸುವುದು ಗೊತ್ತಿಲ್ಲ. ಇದ್ದದ್ದನ್ನು ಇಲ್ಲ ಅಂದಾರು, ಇಲ್ಲದ್ದನ್ನು ಇದೆ ಅಂದದ್ದೇ ಇಲ್ಲ. ಹಾಗಾಗಿ ದಿನವೂ ಕಳಲೆಯ ನೀರು ಬದಲಿಸುವ ನೆಪದಲ್ಲಿ ಪಕ್ಕದಲ್ಲಿ ಕೂತು ಸ್ವಲ್ಪ ಸ್ವಲ್ಪವಾಗಿ ಕೇಳಿದೆ. ತುಂಡು ತುಂಡಾಗಿ ಬಂತು.

ಅತ್ತೆ ಹದಿನೇಳಕ್ಕೆ ಈ ಮನೆಗೆ ಬಂದಾಗ ನಾದಿನಿ ಗೌರಿಗೂ ಅದೇ ವಯಸ್ಸು. ಒಂದೇ ಚಾಪೆ, ಒಂದೇ ಬಾಚಣಿಗೆ. ಮರುವರ್ಷ ಗೌರಿ ಪಕ್ಕದ ಎಸ್ಟೇಟಿನ ಹಾಜರಿ ಪುಸ್ತಕ ಬರೆಯುತ್ತಿದ್ದ ರೈಟರನ್ನು ಮೆಚ್ಚಿ ಅವನೊಂದಿಗೆ ಹೋದಳು. ಅವನು ಘಟ್ಟದ ಕೆಳಗಿನವನು, ಮನೆಮಾತು ತುಳು, ಜಾತಿಯೂ ಬೇರೆ. ಬೀಡಿಯ ಅಜ್ಜ, ಎಂದರೆ ಗೌರಿಯ ಅಪ್ಪ, ತಲೆಗೆ ಸ್ನಾನ ಮಾಡಿ, "ನನ್ನ ಮಗಳು ಸತ್ತಳು. ಇನ್ನು ಈ ಮನೇಲಿ ಆ ಹೆಸರು ಎತ್ತಬಾರ್ದು" ಎಂದರಂತೆ. ಹೇಳಿದ ಮೇಲೆ ಹೇಳಿದ್ದಕ್ಕೆ ಸರಿಯಾಗಿ ನಡೆಯಬೇಕಲ್ಲ? ಆ ವರ್ಷದ ಪಕ್ಷದಲ್ಲಿ ಅವರೇ ಎದ್ದುಹೋಗಿ ಒಂದು ಎಲೆ ಹೆಚ್ಚು ಕೊಯ್ದು ತಂದರು.

ನಾನು ಇದನ್ನು ಕೇಳಿ ಬಹಳ ದಿನ ಯೋಚಿಸಿದೆ. ಮಗಳನ್ನು ಮರೆಯಬೇಕು ಎಂದು ಹಟ ಹಿಡಿದ ಮನುಷ್ಯ, ಮರೆತಿದ್ದೇನೆ ಎಂದು ತೋರಿಸುವುದಕ್ಕೆ ವರ್ಷವರ್ಷವೂ ಅವಳಿಗೆ ಅನ್ನ ಬಡಿಸಬೇಕಾಯಿತು. ಸುಮ್ಮನೆ ಬಿಟ್ಟಿದ್ದರೆ ಎರಡು ತಲೆಮಾರಿನಲ್ಲಿ ಗೌರಿ ಎಂಬುವಳಿದ್ದಳೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಕೋಪವೇ ಅವಳನ್ನು ಉಪ್ಪುನೀರಿನಲ್ಲಿಟ್ಟ ಹಾಗೆ ಕಾಪಾಡಿತು.

ಅತ್ತೆಗೆ ಮಾತ್ರ ಗೌರಿಯ ಸುದ್ದಿ ಬರುತ್ತಿತ್ತು. ಏಲಕ್ಕಿ ಕೊಳ್ಳಲು ಕಳಸದ ಕಡೆಯಿಂದ ಬರುತ್ತಿದ್ದ ಸಾಬರೊಬ್ಬರು ಕಣದಲ್ಲಿ ನಿಂತು ಏಲಕ್ಕಿ ಮೂಸುತ್ತ, ಯಾರಿಗೂ ಅಲ್ಲದ ಹಾಗೆ, "ರೈಟರಮ್ಮನಿಗೆ ಎರಡನೇದು ಹೆಣ್ಣಂತೆ" ಎಂದು ಹೇಳಿ ಹೋಗುತ್ತಿದ್ದರು. ಸಾಬರು ಬರುವುದು ನಿಂತು ಇಪ್ಪತ್ತು ವರ್ಷವಾಯಿತು. ಆಮೇಲೆ ಏನೂ ಗೊತ್ತಿಲ್ಲ.

"ನಂಗೆ ಎಲ್ಲಾ ಹೋಗ್ತಾ ಉಂಟು ಕಣೆ" ಎಂದರು ಅತ್ತೆ ಒಂದು ಮಧ್ಯಾಹ್ನ. "ಅವಳ ಮುಖ ಇನ್ನೂ ಇದೆ. ಅದೂ ಹೋಗೋದ್ರೊಳಗೆ ಒಂದ್ಸಲ ಅವಳು ಬಂದು ಅವಳ ಎಲೇಲಿ ಅವಳೇ ಉಣ್ಣಲಿ. ನಾನು ನೋಡ್ಬೇಕು." ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಳೆ ಸ್ವಲ್ಪ ಬಿಟ್ಟ ಕೂಡಲೇ ಹೊರನಾಡಿಗೆ ಹರಕೆ ತೀರಿಸಲು ಹೋಗುತ್ತೇನೆಂದು ಹೊರಟೆ. ಸುಳ್ಳಲ್ಲ, ತೀರಿಸಿದೆ ಕೂಡ. ಸಾಬರು ಬರುತ್ತಿದ್ದ ಕಡೆಯೆಂಬ ಒಂದೇ ಗುರುತಿನ ಮೇಲೆ ಕಳಸದಲ್ಲಿ ಇಳಿದು ಒಂದು ಅಂಗಡಿಯಲ್ಲಿ, "ರೈಟರ ಮನೆ ಎಲ್ಲಿ?" ಎಂದು ಕೇಳಿದೆ. ಆ ಪುಣ್ಯಾತ್ಮ, "ಯಾವ ರೈಟರು ಅಮ್ಮ?" ಎಂದ. ಎಸ್ಟೇಟಿಗೊಬ್ಬ ರೈಟರು ಇರುತ್ತಾನೆ ಎಂಬುದು ಕಾಫಿ ಸೀಮೆಯಲ್ಲೇ ಹುಟ್ಟಿದ ನನಗೆ ಹೊಳೆದಿರಲಿಲ್ಲ. ಮೊದಲ ಮನೆಯ ರೈಟರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಎರಡನೆಯವರಿಗೆ ಕಿವಿ ಕೇಳದು, ನಾನು ಕೆಲಸ ಕೇಳಿಕೊಂಡು ಬಂದವಳೆಂದು ತಿಳಿದು "ಕೊಯ್ಲಿಗೆ ಬಾ" ಎಂದರು. ಮೂರನೆಯ ಬಾರಿ ತರಕಾರಿ ಮಾರುವ ಹೆಂಗಸೊಬ್ಬಳು, "ಘಟ್ಟದ ಕೆಳಗಿನ ರೈಟ್ರಾ? ಅವ್ರು ಹೋಗಿ ಹತ್ತು ವರ್ಷ ಆಯ್ತಲ್ಲ" ಎಂದಳು.

"ಅವರ ಹೆಂಡತಿ?" ಎಂದೆ.

"ಗೌರಕ್ಕನಾ? ಈಗ ತಾನೆ ನನ್ನ ಹತ್ರ ಜಗಳ ಆಡ್ಕೊಂಡು ಹೋದ್ರು, ತೆಂಗಿನಕಾಯಿ ಕೊಳೆತಿದೆ ಅಂತ."

ಯಾರೋ ಯಾರ ಮೇಲೋ ಜಗಳವಾಡಿದ ಸುದ್ದಿಗೆ ನಾನು ಅಷ್ಟು ಸಂತೋಷಪಟ್ಟಿದ್ದು ಆ ದಿನ ಮಾತ್ರ. ಅಲ್ಲೇ ನಿಂತು ತಾಯಿಗೆ ಕೈ ಮುಗಿದೆ. ಆ ಹೆಂಗಸು ತನಗೇ ಮುಗಿದೆನೆಂದು ತಿಳಿದು ಗಾಬರಿಯಾಗಿ ಒಂದು ತೆಂಗಿನಕಾಯಿ ಬದಲಿಸಿ ಕೊಟ್ಟಳು, ಗೌರಕ್ಕನಿಗೆ ತಲುಪಿಸಲು.

ಆ ತೆಂಗಿನಕಾಯಿ ಹಿಡಿದೇ ಅವರ ಮನೆ ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ನಿಂತದ್ದು ನಮ್ಮ ಮಾವನವರ ಮೂಗೇ! ಎತ್ತರದ, ಒಣಕಲು ಮೈಯ, ಚುರುಕು ಕಣ್ಣಿನ ಮುದುಕಿ. ನಾನು ಯಾರೆಂದು ಹೇಳಿದೆ. ಒಳಗೆ ಕೂರಿಸಿ, ಮಗಳನ್ನು ಕೂಗಿ ಕಾಫಿ ಕೊಡಿಸಿ, ತಾವು ಮಾತ್ರ ನಿಂತೇ ಇದ್ದರು. ಮಾವನವರು ಹೋದದ್ದನ್ನು ಹೇಳಿದೆ. ಅತ್ತಿಗೆಯ ಕ್ಷೇಮ ಕೇಳಿದರು. ಮರೆವಿನ ವಿಷಯ ಹೇಳಿದೆ. ಆಮೇಲೆ ಧೈರ್ಯ ಮಾಡಿ ಎಲೆಯ ವಿಷಯವನ್ನೂ ಹೇಳಿದೆ. ಅರುವತ್ತು ವರ್ಷದಿಂದ ಎಡೆ ಇಡುತ್ತಿದ್ದೇವೆಂದು ಬದುಕಿರುವವರ ಎದುರೇ ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವರಿಗೇ ಗೊತ್ತು.

ಗೌರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ಅಪ್ಪ ಹೋದ ಸುದ್ದಿ ಏಲಕ್ಕಿ ಸಾಬ್ರು ತಂದ್ರು. ಅವತ್ತಿಂದ ನಾನೂ ಇಲ್ಲಿ ಅಪ್ಪಂಗೊಂದು ಎಲೆ ಹಾಕ್ತೀನಿ ಮಾರಾಯ್ತಿ. ಬೀಡಿ ಇಟ್ಟು" ಎಂದರು. ಹಾಗಾದರೆ ಅಜ್ಜನಿಗೆ ಪಕ್ಷದಲ್ಲಿ ಎರಡು ಮನೆಯಲ್ಲಿ ಊಟ! ಕಡ್ಡಿಪೆಟ್ಟಿಗೆ ಮರೆತ ವರ್ಷ ಇಲ್ಲಿ ಬಂದು ಹಚ್ಚಿಕೊಂಡಿದ್ದಾರು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

"ನಂಗೆ ಎಂತ ಬಡಿಸ್ತೀರಿ?" ಎಂದು ಕೇಳಿದರು. "ನೀವೇ ಬಂದು ನೋಡಿ" ಎಂದೆ.

ಅವರ ಮುಖ ಬಿಗಿಯಾಯಿತು. "ನಾನಾಗೇ ಬರಲ್ಲ. ಅಪ್ಪ ಕಳಿಸಿದ್ದು. ಅಪ್ಪನ ಮಗನೇ ಬಂದು ಕರೀಬೇಕು. ತಮ್ಮ ಬದುಕಿದಾನಲ್ಲ?"

ತಮ್ಮ ಎಂದರೆ ನಮ್ಮ ಚಿಕ್ಕಮಾವ. ಕಣದ ಆಚೆಯ ಮನೆಯಲ್ಲಿ ಇರುತ್ತಾರೆ. ಎಡೆಗೆ ಆರತಿ ಎತ್ತುವವರೂ ಅವರೇ. ಗೌರತ್ತೆ ಹೋದಾಗ ಅವರಿಗೆ ನಾಲ್ಕು ವರ್ಷ. ದೊಡ್ಡವರಾದ ಮೇಲೆ ನಿಜ ಗೊತ್ತಾಗಿದ್ದರೂ ಅಪ್ಪನ ಮಾತು ಮೀರಿದವರಲ್ಲ. ನಾನು ಬಂದು ವಿಷಯ ಹೇಳಿದಾಗ ಅವರು ಕೂತಲ್ಲಿಂದ ಎದ್ದೇಬಿಟ್ಟರು. "ಅಪ್ಪ ಹಾಕಿದ ಎಲೆ ತೆಗಿಯೋಕೆ ನಾವ್ಯಾರು? ಬದುಕಿದ್ದೋರ್ನ ತಂದು ಎಡೆ ಮುಂದೆ ಕೂರ್ಸಿದ್ರೆ ಅಪಶಕುನ ಅಲ್ವಾ?"

"ಮಾವ, ಬದುಕಿದ್ದೋರಿಗೆ ಎಡೆ ಇಟ್ಟಿದ್ದೇ ಅರುವತ್ತು ವರ್ಷ. ಅದಕ್ಕಿಂತ ದೊಡ್ಡ ಅಪಶಕುನ ಇನ್ನೆಂತ ಬೇಕು? ಆದ್ರೂ ಅವ್ರು ಗುಂಡುಕಲ್ಲಿನ ಹಂಗೆ ಇದಾರೆ. ದೇವ್ರು ಆ ಎಲೆ ಕಡೆ ನೋಡೇ ಇಲ್ಲ ಅಂತ ಆಯ್ತಲ್ಲ!" ಎಂದೆ. ನನಗೆ ಅಷ್ಟು ಮಾತು ಎಲ್ಲಿಂದ ಬಂತೋ!

ಚಿಕ್ಕಮಾವ ಜಗ್ಗಲಿಲ್ಲ. ಹೊರಡುವಾಗ ಮಾತ್ರ, ಬೇಡದ ವಿಷಯವೆಂಬಂತೆ, "ನನ್ನ ನೆನಪಿದ್ಯಂತಾ?" ಎಂದರು.

"ಎತ್ಕೊಂಡಾಗ ಅವ್ರ ಗಾಜಿನ ಬಳೆಗೆ ಕಿವಿ ಒತ್ಕೊಂಡು ಮಲಗ್ತಿದ್ರಂತೆ ನೀವು. ಸದ್ದು ಕೇಳದಿದ್ರೆ ನಿದ್ದೆ ಇಲ್ಲ ಅಂತಿದ್ರಂತೆ."

ಚಿಕ್ಕಮಾವ ಬಾಗಿಲು ಹಿಡಿದು ನಿಂತರು. "ಅದು ಅವ್ವನ ಬಳೆ ಅಂತ ತಿಳ್ಕೊಂಡಿದ್ದೆ" ಎಂದರು. ಒಂದೇ ಒಂದು ಬಾಲ್ಯದ ನೆನಪು, ಅದನ್ನೂ ತಪ್ಪು ಕೈಗೆ ತೊಡಿಸಿ ಇಟ್ಟುಕೊಂಡಿದ್ದರು.

ಆಮೇಲೆ ಎರಡು ವಾರ ಅವರು ಬಾಯಿ ಬಿಡಲಿಲ್ಲ. ಈ ಕಡೆ ಅತ್ತೆ ದಿನದಿನಕ್ಕೆ ಜಾರುತ್ತಿದ್ದರು. ಒಂದು ಬೆಳಿಗ್ಗೆ ನನಗೇ, "ಯಾರವ್ವ ನೀನು, ಒಳ್ಳೇವಳ ಹಂಗೆ ಕಾಣ್ತೀಯ" ಎಂದರು. ಅತ್ತೆಯ ಬಾಯಿಂದ ನನಗೆ ಸಿಕ್ಕಿದ ಮೊದಲ ಹೊಗಳಿಕೆ. ಒಳಗೆ ಹೋಗಿ ಅತ್ತು, ಅದನ್ನೂ ದೇವರ ಲೆಕ್ಕಕ್ಕೇ ಸೇರಿಸಿಕೊಂಡೆ. ಗೌರತ್ತೆ ಬಂದರೂ ಗುರುತು ಹಿಡಿಯುವವರು ಇರುತ್ತಾರೋ ಇಲ್ಲವೋ ಎಂಬ ಭಯ ಹತ್ತಿಕೊಂಡಿತು.

ಪಕ್ಷದ ದಿನ ಬೆಳಿಗ್ಗೆ ಚಿಕ್ಕಮಾವನ ಜೀಪು ಕಾಣಲಿಲ್ಲ. ಆರತಿ ಎತ್ತುವವರೇ ಇಲ್ಲವಲ್ಲ ಎಂದು ಮನೆಯವರು ಸಿಡಿಮಿಡಿಗೊಂಡರು. ನಾನು ಎಲೆ ತೊಳೆದಿಟ್ಟೆ. ಆರೋ ಏಳೋ ಗೊತ್ತಾಗದೆ ಏಳೇ ತೊಳೆದೆ. ಮಧ್ಯಾಹ್ನ ಹನ್ನೆರಡೂವರೆಗೆ ಜೀಪು ಅಂಗಳಕ್ಕೆ ಬಂತು. ಚಿಕ್ಕಮಾವ ಇಳಿದು, ಆ ಕಡೆ ಹೋಗಿ ಬಾಗಿಲು ತೆಗೆದು, "ಬಾ ಅಕ್ಕ, ಕಾಲು ನೋಡ್ಕೊ" ಎಂದರು. ಗೌರತ್ತೆಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿ ತಮ್ಮನೇ ತೊಡಿಸಿದ್ದಂತೆ. ಗಂಡ ಹೋದವರಿಗೆ ಬಳೆ ತೊಡಿಸಬಹುದೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಬಾರದ್ದೇ ಒಳ್ಳೆಯದಾಯಿತು.

ಆರು ಎಲೆ ಕಲಶದ ಮುಂದೆ ಹಾಕಿದೆವು. ಆರತಿ ಆಯಿತು. ಬಾಗಿಲು ಮುಚ್ಚಿ, ಕೆಮ್ಮಿ, ತೆರೆದೆವು. ಏಳನೆಯ ಎಲೆಯನ್ನು ಚಿಕ್ಕಮಾವ ತಾವೇ ತಂದು ನಮ್ಮ ಊಟದ ಸಾಲಿನಲ್ಲಿ, ಅತ್ತೆಯ ಎಲೆಯ ಪಕ್ಕ ಹಾಸಿದರು. ಗೌರತ್ತೆ ಕೂತರು. ಅತ್ತೆ ತಿರುಗಿ ನೋಡಿದರು.

"ಯಾರು ಇವ್ರು? ನೆಂಟ್ರಾ?" ಎಂದು ನನ್ನನ್ನು ಕೇಳಿದರು.

"ಇವ್ರೇ ಗೌರತ್ತೆ, ಅತ್ತೆ. ನೀವೇ ಕರೀಬೇಕು ಅಂದಿದ್ರಲ್ಲ" ಎಂದೆ. ಅತ್ತೆ ಸಭ್ಯವಾಗಿ ನಕ್ಕು, "ಊಟ ಮಾಡಿ, ಸಂಕೋಚ ಮಾಡ್ಕೋಬೇಡಿ" ಎಂದರು. ಗೌರತ್ತೆ ತಲೆ ತಗ್ಗಿಸಿದರು. ನನಗೆ ಬಡಿಸುವುದೊಂದೇ ಗೊತ್ತಿದ್ದದ್ದು, ಬಡಿಸುತ್ತ ಹೋದೆ. ಗೌರತ್ತೆಯ ಎಲೆಗೆ, ಅರುವತ್ತು ವರ್ಷದ ಕ್ರಮದಂತೆ, ಎರಡು ಸೌಟು ಕಳಲೆ ಪಲ್ಯ ಹಾಕಿದೆ.

ಗೌರತ್ತೆ ಮೂಗು ಮುಚ್ಚಿಕೊಂಡರು. "ಅಯ್ಯೋ, ಇದನ್ನ ಯಾಕೆ ಹಾಕಿದೆ? ಈ ಕಳಲೆ ವಾಸನೆ ನಂಗೆ ಹುಟ್ಟಿದಾಗಿಂದ ಆಗಲ್ಲ!"

ಮೂವತ್ತನಾಲ್ಕು ಮಳೆಗಾಲ ನಾನು ಕೊಯ್ದು, ನೆನೆಸಿ, ಕಾಪಾಡಿದ ಕಳಲೆ! ಅಷ್ಟರಲ್ಲಿ ಪಕ್ಕದಿಂದ ಅತ್ತೆಯ ಕೈ ಗೌರತ್ತೆಯ ಎಲೆಗೆ ಬಂತು.

"ಹಂಗಾರೆ ಇತ್ಲಾಗೆ ತಳ್ಳೇ ಗೌರಿ, ಅವ್ವ ನೋಡೋದ್ರೊಳಗೆ" ಎಂದರು ಅತ್ತೆ, ಪಿಸುಮಾತಿನಲ್ಲಿ.

ಗೌರತ್ತೆ ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಬಲಗೈಯಿಂದ ಪಲ್ಯವನ್ನೆಲ್ಲ ಅತ್ತಿಗೆಯ ಎಲೆಗೆ ತಳ್ಳಿದರು. ಬಳೆಗಳು ಝಲ್ಲೆಂದವು. ಎದುರು ಕೂತಿದ್ದ ಚಿಕ್ಕಮಾವ ಊಟ ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಆಮೇಲೆ ಗೌರತ್ತೆಯೇ ಹೇಳಿದರು. ಹೊಸ ಸೊಸೆಗೆ ಅತ್ತೆಮನೆಯಲ್ಲಿ ಪಲ್ಯ ಎರಡನೇ ಸಲ ಕೇಳುವ ಹಾಗಿರಲಿಲ್ಲ. ಕಳಲೆ ಎಂದರೆ ಆ ಹುಡುಗಿಗೆ ಪ್ರಾಣ. ಗೌರಿ ಮನೆಯ ಮಗಳು, ಅವಳಿಗೆ ಕೇಳುವ ಹಕ್ಕಿತ್ತು. ತನಗೆ ಬೇಡದಿದ್ದರೂ ಎರಡೆರಡು ಸಲ ಹಾಕಿಸಿಕೊಂಡು, ಹಿರಿಯರು ನೋಡದಾಗ ಅತ್ತಿಗೆಯ ತಟ್ಟೆಗೆ ತಳ್ಳುತ್ತಿದ್ದಳು. ಮೊದಲ ಎಡೆಯ ದಿನ ಅಜ್ಜ, "ಅವಳಿಗೆ ಏನು ಇಷ್ಟ ಇತ್ತು?" ಎಂದು ಕೇಳಿದ್ದು ಈ ಸೊಸೆಯನ್ನೇ ಎಂದು ಕಳಲೆ ಹೆಚ್ಚುವಾಗ ಅತ್ತೆ ಹೇಳಿದ್ದನ್ನು ನಾನು ನೆನಪಿಸಿದೆ. ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ ಎಂದು ಗೌರತ್ತೆ ನಕ್ಕರು. ಸೊಸೆ "ಕಳಲೆ" ಎಂದಳು. ಆ ಎಲೆ ತಾನೇ ಉಣ್ಣುತ್ತೇನೆ ಎಂದೂ ಹೇಳಿದಳು. ಹೀಗೆ ವರ್ಷಕ್ಕೊಂದು ಸಲ ಗೌರಿಯ ಎಲೆಯಿಂದ ಕಳಲೆ ಅವಳಿಗೆ ಬರುತ್ತಲೇ ಇತ್ತು.

ನಾವೆಲ್ಲ ಆ ಎಲೆಯಲ್ಲಿ ಗೌರತ್ತೆಯ ರುಚಿ ಇದೆ ಎಂದುಕೊಂಡಿದ್ದೆವು. ರುಚಿ ತಪ್ಪು, ಅದರೊಳಗೆ ಇಟ್ಟದ್ದು ಸರಿಯಾಗೇ ಇತ್ತು. ಲಿಲ್ಲಿ ಬಾಯಿಗೆ ಈ ಕತೆ ಹೇಳಿದಾಗ ಅವಳು ಹೊಲಿಗೆ ನಿಲ್ಲಿಸಿ, "ಕಲ್ಲಲ್ಲಿ ಇದನ್ನ ಹೆಂಗೆ ಕೆತ್ತೋದು ಅಕ್ಕ" ಎಂದಳು. ಗೆದ್ದೆ ಎಂದುಕೊಂಡು ಬೀಗುತ್ತ ಮನೆಗೆ ಬಂದೆ. ಸತ್ತವರ ಸಾಲಿನಿಂದ ಒಬ್ಬರನ್ನು ಎಬ್ಬಿಸಿಕೊಂಡು ಬಂದು ಊಟಕ್ಕೆ ಕೂರಿಸಿದ ಮನೆ ಈ ಸೀಮೆಯಲ್ಲಿ ಇನ್ನೊಂದಿದ್ದರೆ ಹೇಳಲಿ, ನೋಡೋಣ!

ನನ್ನ ಗೆಲುವಿಗೆ ದೀಪಾವಳಿಯವರೆಗೆ ಆಯುಷ್ಯ. ಹಬ್ಬದ ದಿನ ಅತ್ತೆ ಬಾಗಿಲಲ್ಲಿ ಕೂತು, "ಗೌರಿ ಬರಲೇ ಇಲ್ಲ ನೋಡು" ಎಂದು ಕಣ್ಣೀರು ಹಾಕಿದರು. ಬಂದಿದ್ದರು ಎಂದು ಎಲ್ಲರೂ ಹೇಳಿದೆವು. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆವು. "ಈ ಮುದುಕಿ ಯಾರೋ" ಎಂದು ಫೋನನ್ನು ಪಕ್ಕಕ್ಕಿಟ್ಟರು. ಇಷ್ಟೆಲ್ಲ ಮಾಡಿ ಕೊನೆಗೆ ಅವರ ಪಾಲಿಗೆ ಏನೂ ಉಳಿಯಲಿಲ್ಲವಲ್ಲ ಎಂದು ನನಗೆ ದೇವರ ಮೇಲೇ ಸ್ವಲ್ಪ ಮುನಿಸು ಬಂತು. ತಡೆಯಲಾರದೆ ಗೌರತ್ತೆಗೆ ಫೋನು ಮಾಡಿದೆ.

"ಮರ್ತೇ ಬಿಟ್ರಾ?" ಎಂದರು. "ಸರಿ, ಅದಕ್ಕೇನಂತೆ. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ."

ಬಂದರು. ಅತ್ತೆಯ ಪಕ್ಕ ಊಟಕ್ಕೆ ಕೂತು ಕಳಲೆ ತಳ್ಳಿದರು. ಅತ್ತೆ ಗೌರಿಯನ್ನು ಗುರುತಿಸಿ, ತಬ್ಬಿಕೊಂಡು, ಅರುವತ್ತು ವರ್ಷವಾಯಿತಲ್ಲೇ ಎಂದು ಅತ್ತು, ನಕ್ಕು, ಊರಿಗೆಲ್ಲ ಕೇಳುವ ಹಾಗೆ ಸಂಭ್ರಮಿಸಿದರು. ಹದಿನೈದು ದಿನಕ್ಕೆ ಮತ್ತೆ ಮರೆತರು. ಗೌರತ್ತೆ ಮತ್ತೆ ಬಂದರು. ಈಗ ಒಂಬತ್ತು ಸಲವಾಗಿದೆ. ನನ್ನ ಮುನಿಸು ಯಾವ ಸಲ ಇಳಿಯಿತೋ ಗೊತ್ತಿಲ್ಲ. ನಮಗೆಲ್ಲ ಗೌರತ್ತೆ ತವರಿಗೆ ಬಂದ ಸಂತೋಷ ಒಂದೇ ಒಂದು ಸಲ ಸಿಕ್ಕಿದ್ದು, ಆಗಲೇ ಹಳೆಯದಾಗಿದೆ. ಅತ್ತೆಗೆ ಒಂಬತ್ತು ಸಲ ಸಿಕ್ಕಿದೆ, ಒಂಬತ್ತೂ ಹೊಸದು. ಭಯವಾಗದಿರಲಿ ಎಂದಷ್ಟೇ ಕೇಳಿದ್ದವಳು ನಾನು. ಕೊಡುವವಳು ಅಷ್ಟಕ್ಕೇ ಕೈ ಬಿಗಿ ಹಿಡಿಯಲಿಲ್ಲ.

ಮೊನ್ನೆ ಬಸ್ಸಿಳಿದ ಗೌರತ್ತೆಯ ಚೀಲ ತೆಗೆದುಕೊಳ್ಳಲು ನಾನೇ ರಸ್ತೆಗೆ ಹೋಗಿದ್ದೆ. "ಹೆಂಗೆ ಮಾರಾಯ್ತಿ, ಇವತ್ತೂ ಅಳಬೇಕಾ, ಬರೀ ನಕ್ಕರೆ ಸಾಕಾ?" ಎಂದು ಕೇಳಿದರು.

"ಅತ್ತೆ ಬೆಳಗ್ಗಿಂದ ಬಾಗಿಲಲ್ಲೇ ಕೂತಿದಾರೆ" ಎಂದೆ.

ಅಂಗಳದ ತುದಿಗೆ ಬಂದಾಗ ಗೌರತ್ತೆ ನಿಂತರು. ಸೆರಗು ಸರಿಮಾಡಿಕೊಂಡರು, ಕೂದಲು ನೀವಿಕೊಂಡರು. ಆಮೇಲೆ, ಅರುವತ್ತು ವರ್ಷದ ಮೇಲೆ ಮೊದಲ ಸಲ ತವರಿಗೆ ಬರುವವರ ಹಾಗೆ, ಮೆಲ್ಲಗೆ ಕಾಲಿಟ್ಟರು.